ಕತ್ತರಿ ನಿಂತ ಸುದ್ದಿ

ಎಂಟು ಮಡಿಗಳೂ ಖಾಲಿ ಇದ್ದವು. ಮಣ್ಣು ಹಿಟ್ಟಿನ ಹಾಗೆ ಹದವಾಗಿತ್ತು, ಬದುಗಳನ್ನು ಹೊಸದಾಗಿ ಏರಿಸಿದ್ದರು. ದಸರೆ ಮುಗಿದು ಹತ್ತು ದಿನವಾಗಿತ್ತು. ಡಂಬಳದ ಕೆರೆಯ ಕೆಳಗಿನ ಈ ಹೊಲದಲ್ಲಿ ಇಷ್ಟೊತ್ತಿಗೆ ಬೆಳ್ಳುಳ್ಳಿ ಮೊಳೆತಿರಬೇಕಿತ್ತು.

"ನಿನ್ನ ಸಲುವಾಗೇ ಕಾದೇನಿ, ತಂಗಿ," ಎಂದ ಹುಚ್ಚೀರಪ್ಪ, ಸಲಿಕೆಯನ್ನು ಬದುವಿಗೆ ಚುಚ್ಚಿ. "ಬೀಜ ಎಲ್ಲಿ? ಸಂಗಾಟ ತಂದಿ, ಇಲ್ಲಾ ಹಿಂದ ಗಾಡಿ ಬರತೈತಿ?"

ಸಾಯಿಮಾಳಿಗೆ ತಾನು ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು. ಬೀಜ ಕೇಳುವುದಕ್ಕೆಂದೇ ಅವಳು ಗದಗಿನಿಂದ ಬೆಳಗಿನ ಬಸ್ಸು ಹತ್ತಿ ಬಂದಿದ್ದಳು. ಇಪ್ಪತ್ತು ಗಡ್ಡೆ ಸಿಕ್ಕರೆ ಸಾಕಿತ್ತು.

ನಾಲ್ಕು ವರ್ಷಗಳಿಂದ ಅವಳು ಪ್ರಯೋಗಾಲಯದಲ್ಲಿ ಬೆಳ್ಳುಳ್ಳಿಯ ವೈರಸ್ಸಿನ ಬೆನ್ನು ಹತ್ತಿದ್ದಳು. ಹುಚ್ಚೀರಪ್ಪನದು ಅವನ ಅಜ್ಜಿ ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದ ತಳಿ. ಎಸಳು ಸಣ್ಣದು, ಸಿಪ್ಪೆ ನಸುಗೆಂಪು, ಘಾಟು ಜೋರು. ಸುತ್ತಿನ ಊರುಗಳೆಲ್ಲ ಹೊರಗಿನ ದಪ್ಪ ಬೆಳ್ಳುಳ್ಳಿಗೆ ಹೊರಳಿದ ಮೇಲೆ ಅದು ಉಳಿದದ್ದು ಇವನೊಬ್ಬನ ಹೊಲದಲ್ಲಿ. ಎಸಳನ್ನೇ ನೆಟ್ಟು ಬೆಳೆಯುವ ಬೆಳೆಯಾದ್ದರಿಂದ ಒಮ್ಮೆ ಹೊಕ್ಕ ರೋಗ ಬಿಡುವಂತಿರಲಿಲ್ಲ. ಎಲೆಯ ಮೇಲೆ ಹಳದಿ ಗೆರೆ ಎದ್ದು, ಗಡ್ಡೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿತ್ತು.

ಮೊದಲ ವರ್ಷ ಮನೆಯ ಕಟ್ಟೆಯ ಮೇಲೆ ಕೂತು ಅವಳು ತಿಳಿಸಿ ಹೇಳಿದ್ದಳು. "ಈ ವೈರಸ್ಸು ತನಗ ಬೇಕಾದ ಪ್ರೋಟೀನು ಒಂದೊಂದ ಮಾಡೂದಿಲ್ರಿ, ಕಾಕಾ. ಗಿಡದ ಕಡಿಂದ ಎಲ್ಲಾ ಕೂಡಿಸಿ ಒಂದ ಉದ್ದನ್ನ ಹಗ್ಗ ಹೊಸಿಸ್ಕೋತೈತಿ. ಅದನ್ನ ಕತ್ತರಸೂ ಕತ್ತರಿನೂ ಆ ಹಗ್ಗದಾಗ ಇರತೈತಿ. ಅದು ಮೊದಲ ತನ್ನ ತಾನ ಬಿಡಿಸ್ಕೊಂಡು, ಆಮ್ಯಾಲೆ ಉಳಿದದ್ದು ತುಂಡು ಮಾಡತೈತಿ. ಕತ್ತರಿ ನಿಂತ್ರ ಹಗ್ಗ ಹಗ್ಗಾನ ಉಳೀತೈತಿ. ರೋಗ ಬೆಳ್ಯೂದಿಲ್ಲ."

ಹುಚ್ಚೀರಪ್ಪ, "ಹಂಗಾರ ಆ ಕತ್ತರಿ ಮೊಂಡ ಮಾಡು," ಎಂದಿದ್ದ. ಆ ದಿನವೇ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು: ಚೊಕ್ಕ ಬೀಜ ಬರುವ ಮೊದಲು ರೋಗದ ಗಡ್ಡೆ ಒಂದೂ ಉಳಿಯಬಾರದು, ಗಿಡದ ಹೇನು ಅದರ ರಸ ಹೀರಿ ರೋಗವನ್ನು ಮತ್ತೆ ಹೊಸದಕ್ಕೆ ಹಚ್ಚುತ್ತದೆ.

ಈ ಆಷಾಢದಲ್ಲಿ ಒಂದು ಔಷಧ ಹಾಕಿದಾಗ ಗಾಜಿನ ನಳಿಕೆಯೊಳಗೆ ಕತ್ತರಿ ನಿಂತಿತ್ತು. ಮೂರು ಸಲ ಮಾಡಿ ನೋಡಿದರೂ ಹಗ್ಗ ತುಂಡಾಗಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ, ಅಮ್ಮನಿಗಿಂತ ಮೊದಲು ಹುಚ್ಚೀರಪ್ಪನಿಗೆ ಫೋನು ಮಾಡಿದಳು. "ಕಾಕಾ, ಕತ್ತರಿ ನಿಂತೈತ್ರಿ." ಆಚೆ ಕಡೆಯಿಂದ ಅವನು ಹೆಂಡತಿಯನ್ನು ಕೂಗುವುದು ಕೇಳಿಸಿತ್ತು.

ಆಮೇಲೆ ಅದೇ ಔಷಧವನ್ನು ಗಿಡಕ್ಕೆ ಕೊಟ್ಟಾಗ, ಕತ್ತರಿ ನಿಲ್ಲುವಷ್ಟು ಹಾಕಿದರೆ ಎಲೆಯೇ ಕರಕಾಯಿತು. ಎಲೆ ತಾಳುವಷ್ಟು ಹಾಕಿದರೆ ಕತ್ತರಿ ತನ್ನ ಪಾಡಿಗೆ ತಾನು ನಡೆಯಿತು. ಕಾಕಾನ ಗಡ್ಡೆಗಳ ಕುಡಿಯ ತುದಿ ತೆಗೆದು ಬಾಟಲಿಯಲ್ಲಿ ಬೆಳೆಸಿದ್ದ ಸಸಿಗಳಿಗೆ ಬೂಷ್ಟು ಹತ್ತಿತು. ಕೊನೆಯ ಆರು ಗಿಡ ಹೋದ ಶುಕ್ರವಾರ ಬಾಡಿದವು. ಹೋದರೇನು, ಡಂಬಳದಲ್ಲಿ ಕಾಕಾನ ಹತ್ತಿರ ಇದ್ದೇ ಇದೆಯಲ್ಲ ಎಂದು ಅವಳು ಧೈರ್ಯ ತಂದುಕೊಂಡಿದ್ದಳು.

"ಕಾಕಾ, ಜಂತಿಗೆ ಕಟ್ಟಿದ್ದು ಒಂದಿಷ್ಟು ಇರಬೇಕಲ್ರಿ?"

"ಎಲ್ಲಿಂದ ಇರತಾವ? ನೀ ಫೋನ್ ಮಾಡಿದ ವಾರದಾಗ ಎಲ್ಲಾ ಇಳಿಸಿ ಸುಟ್ಟೆ. ಒಂದ ಎಸಳೂ ಉಳಸಬ್ಯಾಡ ಅಂತ ನೀನ ಅಂದಿದ್ದಿ." ಅವನ ದನಿಯಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವನ ಸಮಾಧಾನವಿತ್ತು.

ಸಾಯಿಮಾ ಖಾಲಿ ಕೈ ಮುಂದೆ ಚಾಚಿದಳು. "ನನ್ನ ಹತ್ರ ಇಲ್ರಿ."

"ಏನಿಲ್ಲ?"

"ಒಂದೂ ಇಲ್ರಿ, ಕಾಕಾ. ಗಿಡ ಎಲ್ಲಾ ಸತ್ವು. ನಿಮ್ಮ ಕಡೆ ಒಯ್ಯಾಕ ಬಂದೀನಿ."

ಹುಚ್ಚೀರಪ್ಪ ಮಡಿಯ ಕಡೆ ನೋಡಿದ. ಆಮೇಲೆ ಅವಳ ಕಡೆ. "ಕತ್ತರಿ ನಿಂತೈತಿ ಅಂದಿದ್ದಿ."

"ನಳಿಕ್ಯಾಗ ನಿಂತಿತ್ರಿ. ಗಿಡದಾಗ ನಿಂದ್ರಲಿಲ್ಲ."

"ಅಷ್ಟು ಹೇಳಲಿಲ್ಲ ನೀನು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳು ಅಲ್ಲೇ ಅತ್ತುಬಿಡುತ್ತಿದ್ದಳು. ಸಲಿಕೆ ಕಿತ್ತು ಹೆಗಲಿಗಿಟ್ಟು ಮುಂದೆ ನಡೆದ, ಅವಳು ಹಿಂದೆ.

ಮನೆಯಲ್ಲಿ ಅವನ ಹೆಂಡತಿ ಬಸವಣ್ಣೆವ್ವ ಮಾತು ಕೇಳಿದವಳೇ ಜಂತಿಯ ಸಂದಿ, ಕಾಳು ತುಂಬುವ ಹಗೇವಿನ ಬಾಯಿ, ಹಳೆಯ ಚೀಲಗಳ ಮೂಲೆ ತಡಕಿದಳು. ಸಾಯಿಮಾ ಮೊಣಕಾಲೂರಿ ಹಿತ್ತಲಿನ ಬೂದಿಯ ಗುಂಡಿಯನ್ನು ಕೈಯಿಂದ ಕೆದರಿದಳು. ಕರಕು ಸಿಪ್ಪೆ, ಮುಟ್ಟಿದರೆ ಪುಡಿಯಾಗುವ ಬೇರು. ಹುಚ್ಚೀರಪ್ಪ ಕಟ್ಟೆಯ ಮೇಲೆ ಕೂತವನು ಒಳಗೆ ಬರಲೇ ಇಲ್ಲ.

"ಸಾಕ್ ಬಿಡ, ಏಳು," ಎಂದು ಬಸವಣ್ಣೆವ್ವ ಅವಳ ರಟ್ಟೆ ಹಿಡಿದೆತ್ತಿ, ಕೈಮೇಲೆ ನೀರು ಹಾಕಿದಳು. "ಉಂಡ ಹೋಗು. ಹಸಗೊಂಡು ಬಂದಿ."

ಬಿಸಿ ರೊಟ್ಟಿಯ ಪಕ್ಕ, ಜಾಡಿಯ ತಳ ಕೆರೆದು ಒಂದು ಚಮಚೆಯಷ್ಟು ಬೆಳ್ಳುಳ್ಳಿ ಖಾರ ಹಾಕಿದಳು. ಮೇಲೊಂದಿಷ್ಟು ಎಣ್ಣೆ. "ಹ್ವಾದ ಬ್ಯಾಸಗ್ಯಾಗ ಕುಟ್ಟಿದ್ದು, ನಮ್ಮ ಹೊಲದ್ದ," ಎಂದಳು. ಹೇಳಿದ ಮೇಲೆ ಆ ಮಾತಿನ ಭಾರ ಅವಳಿಗೂ ತಟ್ಟಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೇಡವೆನ್ನುವ ಹಾಗಿರಲಿಲ್ಲ. ಸಾಯಿಮಾ ರೊಟ್ಟಿ ಮುರಿದು, ಖಾರಕ್ಕೆ ಒತ್ತಿ ಬಾಯಿಗಿಟ್ಟುಕೊಂಡಳು. ಘಾಟು ಮೂಗಿಗೇರಿತು. ನಿಧಾನವಾಗಿ ಅಗಿದಳು.

ಹಿತ್ತಲಲ್ಲಿ ಬಸವಣ್ಣೆವ್ವ ಜಾಡಿಗೆ ಬಿಸಿನೀರು ಸುರಿದು ಎರಡು ಸಲ ತೊಳೆದಳು. ಆಮೇಲೆ ಅದನ್ನು ಬೋರಲಾಗಿ ಬಿಸಿಲಿಗೆ ಕಲ್ಲಿನ ಮೇಲೆ ಇಟ್ಟಳು.