ಕಪ್ಪು ಚಹಾದ ಬಣ್ಣ

ಲ್ಯಾಬಿನಾಕೆಯ ತಂಗಿ ತನ್ನ ಮಗಳನ್ನು ಹೆಗಲ ಮೇಲೆ ಹೊತ್ತು ನೇರ ಆಸ್ಪತ್ರೆಯ ಲ್ಯಾಬಿಗೇ ನುಗ್ಗಿದಳು. "ಅಕ್ಕ, ಇವಳಿಗೆ ನಿಲ್ಲೋಕೇ ಆಗ್ತಿಲ್ಲ. ಡಾಕ್ಟ್ರು ನೋಡಿದ್ರೆ, ಶಾಲೆ ತಪ್ಪಿಸೋಕೆ ನಾಟಕ ಅಂತಾರೆ."

ಏಳು ವರ್ಷದ ಚಿಟ್ಟೆ ಅರೆಗಳಿಗೆ ಕೂತಲ್ಲಿ ಕೂರುವವಳಲ್ಲ. ಈಗ ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳು. ಮೂತ್ರ ಕಪ್ಪು ಚಹಾದ ಹಾಗಿತ್ತು.

ಲ್ಯಾಬಿನಾಕೆ ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿದಳು. ಪಟ್ಟಿಯ ಬಣ್ಣ ರಕ್ತ ಇದೆ ಎಂದಿತು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಳು, ರಕ್ತಕಣ ಒಂದೂ ಇಲ್ಲ. ಮಾಂಸಖಂಡ ಕರಗಿ ಬರುವ ಕೆಂಪನ್ನೂ ಪಟ್ಟಿ ರಕ್ತವೆಂದೇ ತೋರಿಸುತ್ತದೆ. ಇದು ರಕ್ತವಲ್ಲ. ಯಾವುದೋ ವಿಷಕ್ಕೆ ಮಗುವಿನ ಮಾಂಸಖಂಡವೇ ಒಡೆದು ಹರಿದು ಬರುತ್ತಿದೆ.

"ಏನು ತಿಂದೆ ಬಂಗಾರ? ಬೈಯಲ್ಲ, ಹೇಳು."

"ಶಾಲೆ ಹಿಂದೆ ಹಳದಿ ಹೂವಿನ ಗಿಡ ಇದ್ಯಲ್ಲ ದೊಡ್ಡಮ್ಮ, ಅದರ ಬೀಜ. ಅಡುಗೆ ಆಟ ಆಡಿದ್ವಿ. ಪುಟಾಣಿನೂ ತಿಂದ್ಲು. ಅವಳೇ ಜಾಸ್ತಿ ತಿಂದಿದ್ದು."

ಚಿಟ್ಟೆಯ ಗೆಳತಿ ಪುಟಾಣಿ ನಾಲ್ಕು ದಿನದಿಂದ ಇದೇ ಆಸ್ಪತ್ರೆಯ ವಾರ್ಡಿನಲ್ಲಿ ಕಾಮಾಲೆ ಎಂಬ ಹೆಸರಿನಲ್ಲಿ ಮಲಗಿದ್ದಳು.

ಲ್ಯಾಬಿನಾಕೆ ರಿಪೋರ್ಟಿನ ಚೀಟಿ ಹಿಡಿದು ಡಾಕ್ಟರ ಕೋಣೆಗೆ ಓಡಿದಳು. ಆತ ತಲೆಯನ್ನೂ ಎತ್ತಲಿಲ್ಲ. "ರಿಪೋರ್ಟ್ ಕೊಡೋದು ನಿಮ್ಮ ಕೆಲಸ. ಕಾಯಿಲೆ ಹೇಳೋದು ನನ್ನದು."

"ಹಾಗಾದ್ರೆ ಹೇಳಿ ಸಾರ್! ನಾಲ್ಕು ದಿನದಿಂದ ಏನು ಹೇಳಿದ್ರಿ? ಇಬ್ಬರೂ ಒಂದೇ ವಿಷದ ಬೀಜ ತಿಂದಿದ್ದಾರೆ, ಮಾಂಸ ಕರಗಿ ಇಬ್ಬರದೂ ಕಿಡ್ನಿ ಹೋಗ್ತಾ ಇದೆ. ಡ್ರಿಪ್ ಹಾಕಿ, ದೊಡ್ಡಾಸ್ಪತ್ರೆಗೆ ಕಳಿಸಿ. ಈಗಲೇ!"

ಕಾರಿಡಾರಿನಲ್ಲಿದ್ದ ಜನರೆಲ್ಲ ಬಾಗಿಲಲ್ಲಿ ಇಣುಕಿದರು. ಆಗಷ್ಟೇ ಆತ ಪೆನ್ನು ಎತ್ತಿಕೊಂಡ.

ಚಿಟ್ಟೆ ಉಳಿದಳು. ಮೂರು ವಾರದ ಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಪುಟಾಣಿ ದೊಡ್ಡಾಸ್ಪತ್ರೆ ಸೇರಿದ ಎರಡನೇ ದಿನವೇ ಹೋಗಿಬಿಟ್ಟಿದ್ದಳು.

ಪುಟಾಣಿಯ ಸಾವಿನ ವಿಚಾರಣೆಗೆಂದು ಡಾಕ್ಟರು ತಯಾರಿಸಿದ ಕಾಗದದಲ್ಲಿ 'ತೀವ್ರ ಕಾಮಾಲೆ' ಎಂದಷ್ಟೇ ಇತ್ತು. ಬೀಜದ ಸುದ್ದಿಯೇ ಇಲ್ಲ. ಲ್ಯಾಬಿನಾಕೆಗೆ ಮೈಯೆಲ್ಲ ಉರಿದುಹೋಯಿತು. ಆತನ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ. ಪುಟಾಣಿಯ ಮೊದಲ ಪರೀಕ್ಷೆಯ ದಿನ ಲ್ಯಾಬಿನ ಮುಂದೆ ರೋಗಿಗಳ ಸಾಲು ಆಸ್ಪತ್ರೆಯ ಬಾಗಿಲು ದಾಟಿತ್ತು. ಪಟ್ಟಿ ನೋಡಿ 'ರಕ್ತ ಇದೆ' ಎಂದು ಗೀಚಿ ಕೊಟ್ಟಿದ್ದಳು. ಮೈಕ್ರೋಸ್ಕೋಪಿನತ್ತ ತಿರುಗಿಯೂ ನೋಡಿರಲಿಲ್ಲ.

ಅದನ್ನೇ ಬರೆದಳು, ಒಂದಕ್ಷರ ಮುಚ್ಚಿಡದೆ. ಚಿಟ್ಟೆ ಹೇಳಿದ್ದನ್ನೂ ಬರೆದು, ಶಾಲೆಯ ಹಿಂದಿನಿಂದ ಕಿತ್ತು ತಂದ ಗಿಡವನ್ನು ಬೇರು ಮಣ್ಣಿನ ಸಮೇತ, ತಾನು ಬರೆದ ಕಾಗದದ ಜೊತೆ ಡಾಕ್ಟರ ಮೇಜಿನ ಮೇಲೆ ಎಸೆದಳು.

"ಇದನ್ನ ಕಳಿಸಿದ್ರೆ ನಿಮ್ಮ ಕೆಲಸಕ್ಕೇ ಕುತ್ತು," ಎಂದ ಆತ, ಕಾಗದ ಓದಿ.

"ಗೊತ್ತು. ವಿಚಾರಣೆಯವರಿಗೆ ಒಂದು ಪ್ರತಿ ಆಗಲೇ ಕಳಿಸಿಯಾಯ್ತು. ಇನ್ನೊಂದನ್ನ ಪುಟಾಣಿ ಅಮ್ಮನಿಗೆ ನಾನೇ ಓದಿ ಹೇಳ್ಬೇಕು."

ಬಿಸಿಲಿಗೆ ಇಳಿದು ನಡೆದಳು. ಆ ಮನೆಯ ಬಾಗಿಲು ತಟ್ಟುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ.