ಎಳನೀರು ತಂಡದ ನಾಲ್ಕನೇ ಕ್ಯಾಸೆಟ್ಟು

"ಮೂರ್ನೇ ತಂತಿ ಇಳ್ದೈತೆ ಕಣ್ಲಾ ಮರುಳ," ಎಂದ ಶ್ರೀರಂಗಯ್ಯ.

ಇಪ್ಪತ್ತಾರು ವರ್ಷಗಳಲ್ಲಿ ಮರುಳಸಿದ್ದಯ್ಯನ ಗಿಟಾರಿನ ಶ್ರುತಿಯ ಬಗ್ಗೆ ಯಾರೂ ತುಟಿ ಬಿಚ್ಚಿದವರಲ್ಲ. ತಂಡದವರು ಶ್ರುತಿ ಮಾಡಿಕೊಳ್ಳುತ್ತಿದ್ದುದೇ ಅವನ ಕಿವಿಯನ್ನು ನಂಬಿ. ಅವನು ಬಿರಡೆಯನ್ನು ಚೂರು ತಿರುಗಿಸಿ, ತಂತಿ ಮೀಟಿ, ಶ್ರೀರಂಗಯ್ಯನ ಮುಖ ನೋಡಿದ. ಹುಬ್ಬು ಗಂಟಿಕ್ಕಿಯೇ ಇತ್ತು. ಇನ್ನೊಂದು ಚೂರು ತಿರುಗಿಸಿದ. ಗಂಟು ಬಿಚ್ಚಿತು. ಸದ್ಯ, ಬಚಾವಾದೆ ಎಂದುಕೊಂಡ.

ಎಪ್ಪತ್ತಾರನೇ ಇಸವಿಯಲ್ಲಿ ತಿಪಟೂರಿನ ಕಾಲೇಜಿನಲ್ಲಿ ಮೂವರು ಗೆಳೆಯರು ಕಟ್ಟಿದ ತಂಡ ಅದು. ಹಾಡುವವನು ಶ್ರೀರಂಗಯ್ಯ, ಡ್ರಮ್ಮಿಗೆ ಮೈಲಾರಿ, ಗಿಟಾರಿಗೆ ಇವನು. ರಾಕ್ ಎಂದರೆ ಬರೀ ಕಿರುಚಾಟ ಎಂದುಕೊಂಡಿದ್ದ ಊರಿಗೆ ಮೆತ್ತನೆಯ ರಾಕನ್ನು ಕನ್ನಡದಲ್ಲೇ ಕೇಳಿಸಿ, 'ಎಳನೀರು' ಎಂದು ಹೆಸರಿಟ್ಟುಕೊಂಡಿದ್ದರು. ಈಗ ಮೂವರಿಗೂ ಐವತ್ತು ಹತ್ತಿರ. "ಎಳನೀರು ಕೊಬ್ರಿ ಆಗೋಯ್ತಲ್ರಪ್ಪ," ಎಂದು ಸಂತೆಯಲ್ಲಿ ಸಿಕ್ಕವರು ಕಾಲೆಳೆಯುತ್ತಾರೆ. ಹನ್ನೊಂದು ವರ್ಷ ಸುಮ್ಮನಿದ್ದು ಈಗ ನಾಲ್ಕನೇ ಆಲ್ಬಂಗೆ ಕೂತಿದ್ದು ತುರುವೇಕೆರೆಯ ವಸಂತನ ಸ್ಟುಡಿಯೋದಲ್ಲಿ. ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಬಡಿದ ಆ ಕೋಣೆ ಅದುವರೆಗೆ ಕಂಡಿದ್ದು ಭಜನೆ ಮತ್ತು ಚುನಾವಣೆಯ ಪ್ರಚಾರ ಮಾತ್ರ.

ಮರುಳಸಿದ್ದಯ್ಯನ ಬಲಗಿವಿ ಕೈಕೊಟ್ಟು ವರ್ಷವಾಗಿತ್ತು. ಎಡದ್ದೂ ಅದೇ ದಾರಿ ಹಿಡಿದಿದೆ ಎಂದು ಗೊತ್ತಾಗಿದ್ದು ಹೋದ ವಾರ, ಹಾಲ್ಕುರಿಕೆಯ ತನ್ನ ಮನೆಯ ಅಟ್ಟದ ಮೇಲೆ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ನೀರಿನ ಸದ್ದು ಇದ್ದರೆ ಮತ್ತೆ ರಾಶಿಗೆ, ಇಲ್ಲದಿದ್ದರೆ ಕೊಬ್ಬರಿಗೆ. ಯಾವ ಕಾಯಲ್ಲೂ ನೀರು ಕೇಳಿಸದೆ, ಈ ಸಲ ಎಲ್ಲ ಒಟ್ಟಿಗೇ ಹದಕ್ಕೆ ಬಂದಿದೆ ಎಂದು ಹಿಗ್ಗಿ ಮರುಳಸಿದ್ದಯ್ಯ ನಲವತ್ತು ಕಾಯಿ ಕೆಳಗೆ ಹಾಕಿದ. ಹೆಂಡತಿ ಗಿರಿಜಾಂಬಿಕಾ ಒಂದೊಂದೇ ಒಡೆದಳು. ಒಡೆದದ್ದರಿಂದೆಲ್ಲ ನೀರು ಚಿಮ್ಮಿ ಸೀರೆ ನೆನೆಯಿತು.

"ಸದ್ದು ಕೇಳ್ಲಿಲ್ವೇನ್ರೀ?"

"ಏನೋ ಯೋಚ್ನೇಲಿದ್ದೆ ಕಣೇ, ಬುಡು."

ಅವಳು ಬಿಟ್ಟಳು. ಹೆದರಿಕೆ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋದರೆ ಅವರು ಹೇಳಿದ್ದು ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯ. ಗೆಳೆಯರಿಗೆ ಹೇಳಿದರೆ ಮರುಕದಿಂದ ಪಕ್ಕಕ್ಕೆ ಕೂರಿಸುತ್ತಾರೆ. ಗಿಟಾರಿಗೆ ಬೇರೆಯವರು ಬರುತ್ತಾರೆ. ಹೇಳದಿದ್ದರೆ ಮೂವರ ಕೊನೆಯ ಕ್ಯಾಸೆಟ್ಟು ತನ್ನಿಂದ ಕೆಡುತ್ತದೆ. ಎರಡೂ ಗೊತ್ತಿದ್ದೇ ಅವನು ಬೆಳಗಿನ ಬಸ್ಸು ಹತ್ತಿ ಬಂದಿದ್ದ.

"ಗಿಟಾರ್ ಒಂದೇ ತಗಳಾನ," ಎಂದು ವಸಂತ ಉಳಿದಿಬ್ಬರನ್ನೂ ಗಾಜಿನ ಗೋಡೆಯ ಆಚೆ ಕರೆದುಕೊಂಡು ಹೋದ. ಮರುಳಸಿದ್ದಯ್ಯ ಹೆಡ್‌ಫೋನು ಏರಿಸಿದ. ಧ್ವನಿಯನ್ನು ಎಷ್ಟು ಹೆಚ್ಚಿಸಿದರೂ ಹಾಡು ಹೊದಿಕೆಯೊಳಗಿಂದ ಬಂದಂತಿತ್ತು. ಬೆರಳುಗಳು ಅಭ್ಯಾಸದಿಂದ ಓಡಿದವು. ಅವನು ನುಡಿಸುತ್ತ ಗಾಜಿನಾಚೆಯ ಮುಖಗಳನ್ನೇ ಓದುತ್ತಿದ್ದ. ಮೈಲಾರಿ ತಲೆ ತಗ್ಗಿಸಿದ. ವಸಂತ ಯಾವುದೋ ಗುಂಡಿ ಒತ್ತಿ ಕೈ ಹಿಂದೆ ತೆಗೆದ. ಶ್ರೀರಂಗಯ್ಯ ಅಲ್ಲಿರಲಿಲ್ಲ.

ಹಾಡು ಮುಗಿದಿತ್ತೋ, ನಿಲ್ಲಿಸಿದ್ದರೋ ಅವನಿಗೆ ತಿಳಿಯಲಿಲ್ಲ. ಹೆಡ್‌ಫೋನು ಇಳಿಸಿ, ತಂತಿಯನ್ನು ಮತ್ತೆ ಮೀಟಿ, ಎಡಗಿವಿಯನ್ನು ಗಿಟಾರಿನ ಮೈಗೆ ಬಾಗಿಸಿದ. ಆಗ ಕಣ್ಣು ಗಾಜಿನ ಮೇಲೆ ಬಿತ್ತು. ಅದರಲ್ಲಿ ತನ್ನ ಬೆನ್ನ ಹಿಂದೆ ಶ್ರೀರಂಗಯ್ಯ ನಿಂತಿರುವುದು ಕಂಡಿತು. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದನೋ.

ಮರುಳಸಿದ್ದಯ್ಯ ತಿರುಗಲಿಲ್ಲ. ತಿರುಗುವ ಧೈರ್ಯ ಬರಲಿಲ್ಲ. ತಂತಿಯನ್ನು ಇನ್ನೊಮ್ಮೆ ಜೋರಾಗಿ ಮೀಟಿದ.

ಶ್ರೀರಂಗಯ್ಯ ಸುತ್ತಿ ಬಂದು ಅವನ ಎದುರು ನೆಲದ ಮೇಲೆ ಕೂತ. ಅಂಗೈಯನ್ನು ಮೆಲ್ಲಗೆ ತಂತಿಗಳ ಮೇಲೆ ಇಟ್ಟ. ಎದೆಗೆ ಒರಗಿದ್ದ ಗಿಟಾರಿನ ನಡುಕ ತಟ್ಟನೆ ನಿಂತಿತು. ಅಷ್ಟು ಹೊತ್ತೂ ಅದು ನುಡಿಯುತ್ತಲೇ ಇತ್ತು, ಮರುಳಸಿದ್ದಯ್ಯನಿಗೆ ಕೇಳಿಸಿರಲಿಲ್ಲ.