ಮೊದಲ ನೆರೆಯವನ ಉಳುಮೆ

"ನಿಲ್ಲಿಸು ಇಮ್ಕೆ. ಇಲ್ಲೇ ನಿಲ್ಲಿಸು."

ಕೃಷಿ ಮಂಡಳಿಯ ಇಮ್ಕೆ ಕಾರು ನಿಲ್ಲಿಸಿದಳು. ಆಸ್ಪತ್ರೆಯಿಂದ ಇಲ್ಲಿಯವರೆಗೂ ಹೊಸದಾಗಿ ಹಾಕಿಸಿಕೊಂಡ ಸೊಂಟದ ಕೀಲು ನೋಯದ ಹಾಗೆ ಒಂದೇ ಮಗ್ಗುಲಿಗೆ ವಾಲಿ ಕೂತಿದ್ದ ಫೆನ್ನಾ ಕಿಟಕಿಯ ಗಾಜಿಗೆ ಮುಖವಿಟ್ಟಳು. ರಸ್ತೆಬದಿಯ ಅವಳ ಹೊಲವನ್ನು ಯಾರೋ ಉತ್ತು, ಹದ ಮಾಡಿ, ಗೋಧಿಯಂಥ ರೈ ಧಾನ್ಯ ಬಿತ್ತಿದ್ದರು. ಬೆರಳುದ್ದದ ಹಸಿರು ಸಾಲುಗಳು ದಾರ ಹಿಡಿದು ಎಳೆದ ಹಾಗೆ ಕಾಡಿನಂಚಿನವರೆಗೂ ಹೋಗಿದ್ದವು. ಅಷ್ಟು ನೇರ ಸಾಲು ಹೊಡೆಯುವವನು ಆ ಊರಲ್ಲಿ ಒಬ್ಬನೇ.

"ಲಾಂಬರ್ಟ್," ಎಂದಳು ಫೆನ್ನಾ.

ಮೇ ತಿಂಗಳಲ್ಲಿ ಮಂಡಳಿಯವರು ಆ ಹೊಲದಲ್ಲಿ ಬಟ್ಟಲುಗಿಡ ಬಿತ್ತಿಸಿದ್ದರು. ಆಳೆತ್ತರ ಬೆಳೆದು, ಎಲೆಗಳು ಕಾಂಡದ ಸುತ್ತ ಕೂಡಿಕೊಂಡು ಮಳೆನೀರು ಹಿಡಿಯುವ ಗಿಡ. ಒಮ್ಮೆ ಬೇರೂರಿದರೆ ಹದಿನೈದು ವರ್ಷ ಉಳಬೇಕಾಗಿಲ್ಲ, ಕೊಯ್ಯುವುದಷ್ಟೇ. ಬೆಳೆ ಕೊಳೆಸಿ ಗ್ಯಾಸ್ ತೆಗೆಯುವ ಊರ ಘಟಕಕ್ಕೆ ಮೆಕ್ಕೆಜೋಳದ ಬದಲು ಅದನ್ನೇ ಹಾಕಬಹುದು ಎಂದು ಸಂಶೋಧನೆ ಮಾಡಿದವರು ಹೇಳುತ್ತಿದ್ದರು. ಆದರೆ ಮೊದಲ ವರ್ಷ ಗಿಡ ಮೇಲೇಳುವುದಿಲ್ಲ. ನೆಲಕ್ಕಂಟಿದ ಒರಟು ಎಲೆ, ನಡುವೆ ಮೊಣಕಾಲೆತ್ತರದ ಕಳೆ. ಬೇಸಿಗೆಯೆಲ್ಲ ಊರವರು ನೋಡಿ ನಕ್ಕಿದ್ದರು. ಗಂಡ ಸತ್ತ ಮೇಲೆ ವರ್ಷ ವರ್ಷ ಉತ್ತು ಬಿತ್ತಲಾಗದ ಫೆನ್ನಾಗೆ ಮಾತ್ರ ಆ ಗಿಡ ಬೇಕಾಗಿತ್ತು. ಅದು ಹತ್ತಿದರೆ ಹೊಲ ಅವಳ ಕೈಯಲ್ಲೇ ಉಳಿಯುತ್ತಿತ್ತು. ಹತ್ತದಿದ್ದರೆ ಲಾಂಬರ್ಟ್‌ಗೆ ಗೇಣಿಗೆ ಕೊಡಬೇಕು. ಗಂಡನನ್ನು ಮಣ್ಣು ಮಾಡಿದ ವಾರದಿಂದಲೇ ಅವನು ತನ್ನ ಮೆಕ್ಕೆಜೋಳಕ್ಕೆ ಆ ಹೊಲ ಕೇಳುತ್ತಿದ್ದ.

"ಪ್ರಯೋಗದ ಹೊಲ ಅಂತ ಬೋರ್ಡು ಬೇರೆ ಹಾಕಿದ್ವಲ್ಲಮ್ಮಾ!" ಇಮ್ಕೆ ಕಾರಿನಿಂದ ಇಳಿದಳು. ಮಂಡಳಿಯ ಬೋರ್ಡನ್ನು ಕಿತ್ತು, ಮಣ್ಣು ಒರೆಸಿ, ಬೇಲಿಗೂಟಕ್ಕೆ ಒಪ್ಪವಾಗಿ ಒರಗಿಸಿಟ್ಟಿದ್ದರು. "ನಾಳೆ ಈ ಗಿಡ ನೋಡೋಕೆ ಅಷ್ಟು ಜನ ರೈತರು ಬರ್ತಾರೆ, ಏನ್ ತೋರಿಸ್ಲಿ? ಪೊಲೀಸಿಗೆ ಹೇಳೋಣ."

"ಏನಂತ ಹೇಳ್ತೀಯ? ನೆರೆಯವನು ಮಾಡೋ ಕೆಲಸ ಮಾಡಿದ ಅಂತಲಾ?"

ಹಾಲೆಂಡಿನ ಗಡಿಗೆ ಅಂಟಿಕೊಂಡ ಆ ಜರ್ಮನ್ ಸೀಮೆಯಲ್ಲಿ ಪ್ರತಿ ಮನೆಗೂ ಒಬ್ಬ ಮೊದಲ ನೆರೆಯವನಿರುತ್ತಾನೆ. ಮನೆಯವರು ಹಾಸಿಗೆ ಹಿಡಿದರೆ ಕೇಳದೆ ಬಂದು ಹೊಲ ಉಳುತ್ತಾನೆ. ಸತ್ತರೆ ಪೆಟ್ಟಿಗೆಗೆ ಮೊದಲ ಹೆಗಲು ಅವನದು. ಕಾಯಿಲೆಯವರು ಎದ್ದ ಮೇಲೆ ಹೊಲದಂಚಿನಲ್ಲಿ ಅವನಿಗೆ ಸಾರಾಯಿ ಹೊಯ್ದುಕೊಟ್ಟು ತಾವೂ ಕುಡಿಯಬೇಕು. ಕುಡಿದರೆ ಮುಗಿಯಿತು, ಆದದ್ದನ್ನು ಮತ್ತೆ ಎತ್ತಿ ಆಡುವಂತಿಲ್ಲ. ಕುಡಿಯದಿದ್ದರೆ ನೆರೆತನ ಕಡಿದುಹೋಯಿತು. ಫೆನ್ನಾಳ ಗಂಡನ ಪೆಟ್ಟಿಗೆಗೆ ಹೆಗಲು ಕೊಟ್ಟವನು ಲಾಂಬರ್ಟನೇ.

ಮರುದಿನ ರೈತರು ರಬ್ಬರ್ ಬೂಟು ತೊಟ್ಟು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ರಸ್ತೆಬದಿಯಲ್ಲಿ ನಿಂತರು. ಇಮ್ಕೆ ಬೇರಿನ ಆಳ ಹೇಳಿದಳು, ಎಷ್ಟು ಗ್ಯಾಸು ಹೊರಡುತ್ತದೆಂದು ಹೇಳಿದಳು. ಎದುರಿಗೆ ಬರೀ ರೈ.

"ಗಿಡ ಎಲ್ಲಿ ಮೇಡಂ? ಆಗಲೇ ಗ್ಯಾಸಾಗಿ ಹೋಯ್ತಾ?" ಎಂದ ಒಬ್ಬ. ಎಲ್ಲರೂ ಗೊಳ್ಳೆಂದರು.

ಲಾಂಬರ್ಟ್ ಮುಂದೆ ಬಂದ. "ಕಳೆ ಬೆಳೆದು ಹಾಳು ಬಿದ್ದಿತ್ತು. ಹೆಂಗಸು ಆಸ್ಪತ್ರೇಲಿ. ಮೊದಲ ನೆರೆಯವನು ಕಣ್ಣು ಮುಚ್ಕೊಂಡು ಕೂರೋಕಾಗುತ್ತಾ?"

"ಬೋರ್ಡು ಓದಲಿಲ್ವಾ ನೀವು?"

"ಓದ್ದೆ ಮೇಡಂ. ಹಾಳಾಗಬಾರದು ಅಂತ ಒರೆಸಿ ಇಟ್ಟೆನಲ್ಲ. ಬೀಜ ನಂದು, ಡೀಸೆಲ್ ನಂದು, ಇವಳತ್ರ ಒಂದು ಕಾಸು ಕೇಳಿಲ್ಲ." ಫೆನ್ನಾಳ ಕಡೆ ತಿರುಗಿದ. "ಏನ್ ಫೆನ್ನಾ, ಗಂಟಲು ಒಣಗ್ತಾ ಇದೆ."

ಫೆನ್ನಾ ಊರುಗೋಲುಗಳನ್ನು ಬೇಲಿಗೆ ಒರಗಿಸಿದಳು. ಕೋಟಿನ ಜೇಬಿನಿಂದ ಶೀಶೆ ತೆಗೆದಳು. ಇನ್ನೊಂದು ಜೇಬಿನಿಂದ ಲೋಟ ತೆಗೆದಳು. ಒಂದೇ ಲೋಟ. ಅದನ್ನು ಕಂಠಮಟ್ಟ ತುಂಬಿ ಅವನ ಕೈಗಿಟ್ಟಳು.

"ನಿಂದೆಲ್ಲಿ?"

"ನನಗೆ ಬೇಡ."

ನಗುತ್ತಿದ್ದವರು ನೆಲ ನೋಡತೊಡಗಿದರು. ಲಾಂಬರ್ಟ್ ದನಿ ತಗ್ಗಿಸಿದ. "ನೋವಿನ ಗುಳಿಗೆ ತಗೋತಿದೀಯ, ಅದಕ್ಕೆ ತಾನೇ?"

"ಗುಳಿಗೆ ಬಿಟ್ಟು ವಾರ ಆಯ್ತು." ಶೀಶೆಗೆ ಬಿರಡೆ ಹಾಕಿ ಅವಳು ಇಮ್ಕೆಯನ್ನು ನೋಡಿದಳು. "ಮೇ ತಿಂಗಳಲ್ಲಿ ಮತ್ತೆ ಬಿತ್ತೋಣ. ಬೀಜ ಸಿಗುತ್ತಲ್ಲ?"

"ಸಿಗುತ್ತೆ. ಆದ್ರೆ ಇನ್ನೊಂದು ವರ್ಷ ಹೊಲದಿಂದ ಏನೂ ಬರಲ್ಲಮ್ಮಾ."

"ಹಂದಿ ಮಾರ್ತೀನಿ."

"ಸೊಂಟದ ಇನ್ನೊಂದು ಕೀಲು ಕೆಟ್ಟಾಗ ಯಾರನ್ನ ಕರೀತೀಯೇ?" ಲಾಂಬರ್ಟ್‌ನ ಕತ್ತು ಕೆಂಪಾಗಿತ್ತು. "ನಿನ್ನ ಪೆಟ್ಟಿಗೆ ಹೊರೋಕೆ ಮಂಡಳಿಯವರು ಬರ್ತಾರಾ?"

"ಯಾರು ಹೊತ್ತರೆ ಏನು? ನಾನೇನು ಎದ್ದು ನೋಡ್ತೀನಾ? ಆದ್ರೆ ಹೊಲದ ಕಡೆ ದಿನಾ ನೋಡ್ತಿರ್ತೀನಿ."

ಲಾಂಬರ್ಟ್ ಲೋಟವನ್ನು ಚೆಲ್ಲಲೂ ಇಲ್ಲ, ಕುಡಿಯಲೂ ಇಲ್ಲ. ಬೋರ್ಡು ಒರಗಿದ್ದ ಬೇಲಿಗೂಟದ ಮೇಲಿಟ್ಟು ತನ್ನ ಮನೆಯ ಕಡೆ ನಡೆದ. ಉಳಿದವರು ಒಬ್ಬೊಬ್ಬರೇ ಕಾರು ಹತ್ತಿದರು. ಹೋಗುವಾಗ ಫೆನ್ನಾಳ ಕೈ ಕುಲುಕಿದವರು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಮಳೆ ಹಿಡಿದಿತ್ತು. ಫೆನ್ನಾ ಹೊಲ ಕಾಣುವ ಅಡುಗೆಮನೆಯ ಕಿಟಕಿಯ ಬಳಿ ಕಾಫಿ ಹಿಡಿದು ಕೂತಿದ್ದಳು. ಲಾಂಬರ್ಟ್‌ನ ಟ್ರ್ಯಾಕ್ಟರು ಬಂತು, ಗೂಟದ ಹತ್ತಿರ ನಿಧಾನವಾಯಿತು, ಮುಂದೆ ಹೋಯಿತು. ಅವಳೂ ಎದ್ದು ಹೊರಗೆ ಹೋಗಲಿಲ್ಲ. ಗೂಟದ ಮೇಲೆ ಲೋಟ ಹಾಗೇ ಇತ್ತು. ಮೊದಲೇ ತುಂಬಿದ್ದ ಅದಕ್ಕೆ ಮಳೆ ಬೀಳುತ್ತಲೇ ಇತ್ತು, ಚೆಲ್ಲಿದ್ದು ಗೂಟದ ಮೇಲಿಂದ ಬೋರ್ಡಿನ ಮೇಲೆ ಇಳಿಯುತ್ತಿತ್ತು.